ಸಂಕುಚಿತ ಮನೋಭಾವ: ಕನ್ನಡದ ಪದಗಳು, ಅರ್ಥ ಮತ್ತು ಬಳಕೆ

ಸಂಕುಚಿತ ಮನೋಭಾವವೆಂದರೆ ತಾನು ಮೊದಲೇ ಒಪ್ಪಿಕೊಂಡಿರುವ ನಂಬಿಕೆ, ರೂಢಿ ಅಥವಾ ತೀರ್ಮಾನಕ್ಕೆ ಹೊರತಾದುದನ್ನು ಪರಿಶೀಲಿಸಲೂ ಒಪ್ಪದ ಮನಸ್ಸಿನ ಸ್ಥಿತಿ. ಕನ್ನಡದಲ್ಲಿ ಇದನ್ನು ಪೂರ್ತಿಯಾಗಿ ಹೇಳುವ ಒಂದೇ ಪದವಿಲ್ಲ. ಮೊಂಡುತನ, ಪೂರ್ವಗ್ರಹ, ದುರಾಗ್ರಹ, ಮಡಿವಂತಿಕೆ, ಕರ್ಮಠತನ, ಕಂದಾಚಾರ, ಮೌಢ್ಯ, ಮತಾಂಧತೆ, ಮೂಲಭೂತವಾದ, ಕೂಪಮಂಡೂಕತನ ಎಂಬ ಪದಗಳು ಅದರ ಒಂದೊಂದು ಮುಖವನ್ನು ಹೇಳುತ್ತವೆ. ಇವನ್ನು ಸಮಾನಾರ್ಥಕಗಳೆಂದು ಭಾವಿಸಿ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವುದು ಪತ್ರಿಕಾಭಾಷೆಯಲ್ಲಿ ಸಾಮಾನ್ಯವಾದರೂ ಸರಿಯಲ್ಲ. ಮೊಂಡನಾದವನು ನಾಸ್ತಿಕನಾಗಿರಬಹುದು. ಮಡಿಯಲ್ಲಿ ಅಡುಗೆ ಮಾಡುವವರು ಬೇರೆಯವರ ವಾದವನ್ನು ತಾಳ್ಮೆಯಿಂದ ಕೇಳುವವರಾಗಿರಬಹುದು. ಪೂರ್ವಗ್ರಹವಂತೂ ತನ್ನನ್ನು ವಿಚಾರವಾದಿ ಎಂದು ಕರೆದುಕೊಳ್ಳುವವನಲ್ಲೂ ಇರಬಲ್ಲದು. ಈ ಲೇಖನದಲ್ಲಿ ಸಂಕುಚಿತ ಮನೋಭಾವ ಎಂಬುದನ್ನು ಇಡೀ ವರ್ಗದ ಹೆಸರಾಗಿಯೂ ಉಳಿದವನ್ನು ಅವುಗಳ ನಿರ್ದಿಷ್ಟ ಅರ್ಥದಲ್ಲಿಯೂ ಬಳಸಲಾಗಿದೆ.

ನಿಷ್ಪತ್ತಿ

ಸಂಸ್ಕೃತದ ‘ಕುಚ್’ ಧಾತುವಿಗೆ ಮುದುಡು, ಕುಗ್ಗು ಎಂಬ ಅರ್ಥವಿದೆ. ‘ಸಮ್’ ಉಪಸರ್ಗ ಸೇರಿ ಸಂಕುಚಿತ ಎಂದಾಗಿದೆ. ಸಂಜೆ ಎಸಳು ಮುಚ್ಚಿಕೊಂಡ ತಾವರೆ ಸಂಕುಚಿತ; ಬೆಳಗ್ಗೆ ಅರಳಿದ್ದು ವಿಕಸಿತ. ಇದೇ ಧಾತುವಿನಿಂದ ಬಂದ ಸಂಕೋಚ ಎಂಬ ಪದ ಕನ್ನಡದ ಮನೆಗಳಲ್ಲಿ ದೋಷವಲ್ಲ, ಸೌಜನ್ಯ. ಬಡಿಸುವವರು ಅತಿಥಿಗೆ ‘ಸಂಕೋಚ ಪಟ್ಟುಕೋಬೇಡಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ’ ಎನ್ನುವಾಗ ಅದರಲ್ಲಿ ನಿಂದೆಯಿಲ್ಲ. ಜೀವಶಾಸ್ತ್ರದ ಪಾಠದಲ್ಲಿ ಹೃದಯದ ಸಂಕೋಚನ ಎನ್ನುವಾಗ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಸಂಕುಚಿತ ಎಂಬ ರೂಪವು ಮನಸ್ಸು, ಬುದ್ಧಿ, ದೃಷ್ಟಿ, ಭಾವನೆ ಎಂಬ ಪದಗಳ ಹಿಂದೆ ಬಂದಾಗ ಮಾತ್ರ ಆಕ್ಷೇಪದ ಮಾತಾಗುತ್ತದೆ. ಅಚ್ಚಗನ್ನಡದಲ್ಲಿ ಇದಕ್ಕೆ ಹತ್ತಿರವಾದುದು ಸಣ್ಣ ಮನಸ್ಸು, ಸಣ್ಣಬುದ್ಧಿ, ಸಣ್ಣತನ. ಆದರೆ ಸಣ್ಣತನದಲ್ಲಿ ಅಸೂಯೆ, ಜಿಪುಣತನಗಳ ಛಾಯೆ ಹೆಚ್ಚು. ನೆರೆಮನೆಯವರ ಏಳಿಗೆ ಕಂಡು ಕರುಬುವುದು ಸಣ್ಣತನ. ನೆರೆಮನೆಯವರ ಆಹಾರ ಕಂಡು ಮೂಗು ಮುರಿಯುವುದು ಸಂಕುಚಿತತೆ.

ಇಂಗ್ಲಿಷ್ ನುಡಿಗಟ್ಟಿನ ನೇರ ಅನುವಾದವಾದ ‘ಮುಚ್ಚಿದ ಮನಸ್ಸು’ ಕನ್ನಡದಲ್ಲಿ ಬೇರೂರಿಲ್ಲ. ಅದಕ್ಕೆ ಕಾರಣ ಭಾಷೆಯೊಳಗೇ ಇದೆ. ಕನ್ನಡದಲ್ಲಿ ಮನಸ್ಸನ್ನು ಮುಚ್ಚುವುದು, ಬಿಚ್ಚುವುದು ಆಡುವವನಿಗೆ ಸಂಬಂಧಿಸಿದ ಮಾತು, ಕೇಳುವವನಿಗಲ್ಲ. ಮನಬಿಚ್ಚಿ ಮಾತಾಡಿದ ಎಂದರೆ ಅಳುಕಿಲ್ಲದೆ ಹೇಳಿದ ಎಂದರ್ಥ. ಮುಚ್ಚುಮರೆ ಎಂದರೆ ಗುಟ್ಟು. ಹೊರಗಿನ ವಿಚಾರವನ್ನು ಒಳಗೆ ಬಿಟ್ಟುಕೊಳ್ಳುವುದು ಎಂಬರ್ಥದಲ್ಲಿ ‘ತೆರೆದ ಮನಸ್ಸು’ ಬಳಕೆಗೆ ಬಂದದ್ದು ಆಧುನಿಕ ಕಾಲದಲ್ಲಿ. ಭೌತಶಾಸ್ತ್ರಜ್ಞ ಎಚ್. ನರಸಿಂಹಯ್ಯನವರು ತಮ್ಮ ಲೇಖನಸಂಗ್ರಹಕ್ಕೆ ‘ತೆರೆದ ಮನ’ ಎಂದು ಹೆಸರಿಟ್ಟರು. ಹಾಗಿದ್ದರೂ ‘ಉಭಯ ಬಣಗಳ ನಡುವೆ ತೆರೆದ ಮನಸ್ಸಿನ ಮಾತುಕತೆ’ ಎಂಬ ಪತ್ರಿಕಾವಾಕ್ಯದಲ್ಲಿ ಯಾವ ಅರ್ಥ ಉದ್ದಿಷ್ಟವೆಂದು ಇಂದಿಗೂ ಖಚಿತವಾಗಿ ಹೇಳಲಾಗದು.

ರೂಪಕಗಳು

ಈ ವರ್ಗದ ಪದಗಳಲ್ಲಿ ಬಹುಪಾಲು ರೂಪಕದಿಂದ ಹುಟ್ಟಿದವು. ಅಗಲ, ಕಣ್ಣು, ಗಡಸು, ಶುದ್ಧಿ, ಬಾವಿ ಇವೆಲ್ಲ ಅವುಗಳ ಮೂಲದಲ್ಲಿವೆ. ಎಲ್ಲಕ್ಕಿಂತ ಆಳವಾಗಿ ಬೇರುಬಿಟ್ಟಿರುವುದು ಹಿಡಿತದ ರೂಪಕ. ಕನ್ನಡಿಗರ ಕಲ್ಪನೆಯಲ್ಲಿ ಸಂಕುಚಿತ ಮನಸ್ಸು ಮುಚ್ಚಿದ ಬಾಗಿಲಿಗಿಂತ ಬಿಗಿಹಿಡಿದ ಮುಷ್ಟಿಗೆ ಹತ್ತಿರ.

ಹಠ ಹಿಡಿ, ಪಟ್ಟು ಹಿಡಿ, ಛಲ ಹಿಡಿ, ಹಿಡಿದದ್ದೇ ಹಿಡಿದುಕೊಂಡು ಕೂರು ಎಂಬ ನುಡಿಗಟ್ಟುಗಳಲ್ಲಿ ಕ್ರಿಯಾಪದ ಒಂದೇ. ಪಟ್ಟು ಎಂಬುದು ಗರಡಿಯ ಪದ. ಕುಸ್ತಿಯಲ್ಲಿ ಎದುರಾಳಿಯನ್ನು ಕಟ್ಟಿಹಾಕುವ ಹಿಡಿತ. ಗೋಡೆಗೆ ಕಚ್ಚಿಕೊಂಡರೆ ಬಿಡದ ಪ್ರಾಣಿಯಿಂದ ಉಡದ ಪಟ್ಟು ಎಂಬ ಮಾತು ಬಂದಿದೆ. ಹಳೆಯ ಪದ್ಧತಿಯನ್ನು ಬಿಡಲೊಲ್ಲದವರನ್ನು ಅದಕ್ಕೆ ‘ಜೋತುಬಿದ್ದವರು’ ಎನ್ನುತ್ತಾರೆ. ಕೊಂಬೆಗೆ ನೇತಾಡುವವನ ಚಿತ್ರವದು. ಸಂಸ್ಕೃತದಿಂದ ಬಂದ ಪದಗಳೂ ಈ ಸಾಲಿಗೇ ಸೇರುತ್ತವೆ. ಪೂರ್ವಗ್ರಹ, ಆಗ್ರಹ, ದುರಾಗ್ರಹಗಳ ಮೂಲದಲ್ಲಿರುವ ‘ಗ್ರಹ್’ ಧಾತುವಿಗೆ ಹಿಡಿ ಎಂದೇ ಅರ್ಥ. ಬದಲಾವಣೆಯನ್ನು ಹೇಳುವ ಕ್ರಿಯಾಪದಗಳೂ ಇದಕ್ಕೆ ಹೊಂದಿಕೊಂಡಿವೆ: ಮುಷ್ಕರ ಹೂಡಿದವರು ‘ಪಟ್ಟು ಸಡಿಲಿಸಿದರು’, ಅಪ್ಪ ಮಗಳ ಮದುವೆಯ ವಿಷಯದಲ್ಲಿ ‘ಹಠ ಬಿಟ್ಟರು’. ‘ಹಠ ತೆರೆದರು’ ಎಂದು ಯಾರೂ ಹೇಳುವುದಿಲ್ಲ.

ಗಡಸಿನ ರೂಪಕದ ಪದಗಳು ಹೆಚ್ಚಾಗಿ ದೇಶ್ಯ. ಮೊಂಡು ಎಂದರೆ ಹರಿತ ಕಳೆದುಕೊಂಡದ್ದು: ಮೊಂಡು ಕತ್ತಿ, ಮೊಂಡು ಕುಡುಗೋಲು. ಕತ್ತರಿಸಲಾರದ ಅಲಗಿನಂತೆ ವಾದವನ್ನು ಒಳಗೆ ಇಳಿಸಿಕೊಳ್ಳಲಾರದ ಬುದ್ಧಿಯುಳ್ಳವನು ಮೊಂಡ. ಜಡ್ಡು ಎಂಬುದು ಕೈಯಲ್ಲಿ ಕಟ್ಟಿದ ಗಟ್ಟಿ ಚರ್ಮ. ಜಡ್ಡುಗಟ್ಟಿದ ಮನಸ್ಸಿಗೆ ಸ್ಪರ್ಶಜ್ಞಾನ ಇಲ್ಲ. ಗೊಡ್ಡು ಎಂಬುದು ಕರು ಹಾಕದ, ಹಾಲು ಕೊಡದ ಹಸುವಿನ ವಿಶೇಷಣ. ಅದರಿಂದ ಗೊಡ್ಡು ಸಂಪ್ರದಾಯ, ಗೊಡ್ಡು ವೇದಾಂತ. ಬೇಳೆಯಿಲ್ಲದ ಗೊಡ್ಡುಸಾರೂ ಇದೇ ಕುಟುಂಬದ್ದು, ಆದರೆ ಅದನ್ನು ನಿಂದೆಯೆಂದು ಯಾರೂ ಎಣಿಸುವುದಿಲ್ಲ.

ಪದರಚನೆ

ಭಾವನಾಮಗಳು ಮುಖ್ಯವಾಗಿ ‘ತನ’, ‘ಇಕೆ’, ‘ತೆ’, ‘ವಾದ’ ಎಂಬ ಅಂತ್ಯಗಳಿಂದ ಆಗುತ್ತವೆ. ‘ತನ’ವು ವ್ಯಕ್ತಿಯ ಗುಣವನ್ನು (ಮೊಂಡುತನ), ‘ಇಕೆ’ಯು ರೂಢಿಗೊಂಡ ನಡವಳಿಕೆಯನ್ನು (ಮಡಿವಂತಿಕೆ), ‘ವಾದ’ವು ಸಂಘಟಿತ ಸಿದ್ಧಾಂತವನ್ನು (ಮೂಲಭೂತವಾದ) ಸೂಚಿಸುವುದು ಸಾಮಾನ್ಯ ಪ್ರವೃತ್ತಿ. ಮೊಂಡುವಾದ ಇದಕ್ಕೆ ಅಪವಾದ. ಅದು ಸಿದ್ಧಾಂತವಲ್ಲ, ತರ್ಕ ಮುಗಿದ ಮೇಲೂ ನಿಲ್ಲದ ಮಾತು.

ಈ ವರ್ಗದಲ್ಲಿ ಅರಿಸಮಾಸಗಳು ಗಮನಾರ್ಹ ಸಂಖ್ಯೆಯಲ್ಲಿವೆ. ಮೂಢನಂಬಿಕೆ, ಮೊಂಡುವಾದ, ಗೊಡ್ಡುಸಂಪ್ರದಾಯ ಇವೆಲ್ಲ ಕನ್ನಡ ಮತ್ತು ಸಂಸ್ಕೃತ ಪದಗಳ ಕೂಡಿಕೆ. ಸಂಸ್ಕೃತಪದವನ್ನೂ ಕನ್ನಡಪದವನ್ನೂ ಸಮಾಸದಲ್ಲಿ ಬೆರೆಸಬಾರದೆಂಬ ನಿಯಮವನ್ನು 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ಚರ್ಚಿಸುತ್ತದೆ. ಹಾಗೆ ಬೆರೆತದ್ದಕ್ಕೆ ‘ಅರಿ’, ಅಂದರೆ ಶತ್ರು ಎಂದೇ ಹೆಸರು. ವ್ಯಾಕರಣದ ಮಡಿಯನ್ನು ಮೀರಿದ ಪದಗಳೇ ಇಲ್ಲಿ ಅತಿ ಹೆಚ್ಚು ಜನಬಳಕೆಯಲ್ಲಿ ಉಳಿದಿವೆ.

ಪ್ರಕಾರಗಳು

ಹಠ, ಜಿದ್ದು, ಛಲ

ವ್ಯಕ್ತಿಸ್ವಭಾವವನ್ನು ಹೇಳುವ ಪದಗಳಲ್ಲಿ ಹೊಗಳಿಕೆಗೂ ತೆಗಳಿಕೆಗೂ ನಡುವಿನ ಗೆರೆ ತೀರ ತೆಳು. ಹಠ ಎಂಬುದಕ್ಕೆ ಸಂಸ್ಕೃತದಲ್ಲಿ ಬಲಾತ್ಕಾರ ಎಂದರ್ಥ. ಕನ್ನಡದಲ್ಲಿ ಅದು ಮೊದಲು ನೆನಪಿಗೆ ತರುವುದು ಅಂಗಡಿಯ ಮುಂದೆ ನೆಲದಲ್ಲಿ ಹೊರಳಾಡುವ ಮಗುವನ್ನು. ಹಠಮಾರಿ ನಿಂದೆ, ಹಠಸಾಧಕ ಸ್ತುತಿ. ಅರಬ್ಬಿ ಮೂಲದ, ಉರ್ದುವಿನ ಮೂಲಕ ಬಂದ ಜಿದ್ದು ಎಂಬುದರಲ್ಲಿ ಎದುರಾಳಿ ಇರಲೇಬೇಕು. ಹಠವನ್ನು ಒಬ್ಬನೇ ಮಾಡಬಹುದು, ಜಿದ್ದಾಜಿದ್ದಿಗೆ ಇಬ್ಬರು ಬೇಕು.

ಛಲದ ಕಥೆ ಬೇರೆ. ನ್ಯಾಯಶಾಸ್ತ್ರದಲ್ಲಿ ಛಲ ಎಂದರೆ ಎದುರಾಳಿಯ ಮಾತಿಗೆ ಬೇಕೆಂದೇ ಬೇರೆ ಅರ್ಥ ಹಚ್ಚಿ ಅವನನ್ನು ಸೋಲಿಸುವ ಕುಯುಕ್ತಿ. ಹೊಸ ಕಂಬಳಿ ಎಂಬರ್ಥದಲ್ಲಿ ‘ನವಕಂಬಲ’ ಎಂದವನನ್ನು ‘ಒಂಬತ್ತು ಕಂಬಳಿ ಎಲ್ಲಿವೆ?’ ಎಂದು ಪೀಡಿಸುವುದು ವಾತ್ಸ್ಯಾಯನನ ನ್ಯಾಯಭಾಷ್ಯದಲ್ಲಿ ಬರುವ ಉದಾಹರಣೆ. ಕನ್ನಡಕ್ಕೆ ಬಂದ ಮೇಲೆ ಈ ಪದ ಮೋಸವನ್ನು ಕಳಚಿಕೊಂಡು ಬಿಡದ ನಿಶ್ಚಯ ಎಂಬ ಅರ್ಥ ಪಡೆಯಿತು. 10ನೆಯ ಶತಮಾನದಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ಭಾರತದ ವೀರರನ್ನು ಒಂದೊಂದು ಗುಣಕ್ಕೆ ಹೆಸರಿಸುವಾಗ ದುರ್ಯೋಧನನಿಗೆ ಕೊಟ್ಟದ್ದು ಛಲವನ್ನೇ, ಮೆಚ್ಚುಗೆಯಿಂದಲೇ. ಒಂದು ಊರನ್ನೂ ಬಿಟ್ಟುಕೊಡಲೊಪ್ಪದೆ ಕುಲವನ್ನೇ ಕಳೆದುಕೊಂಡವನ ಸ್ವಭಾವಕ್ಕೆ ಈ ಭಾಷೆ ಗೌರವದ ಪದ ಹುಡುಕಿತೆಂಬುದು ಗಮನಿಸಬೇಕಾದ ಸಂಗತಿ. ಚಂದಮಾಮದ ಬೇತಾಳ ಕಥೆಗಳಿಂದ ಮನೆಮಾತಾದ ‘ಛಲ ಬಿಡದ ತ್ರಿವಿಕ್ರಮ’ನೂ ಈ ಸಾಲಿನವನೇ. ತೆಲುಗಿನಲ್ಲಿ ಅದೇ ರಾಜ ‘ಪಟ್ಟು’ ಬಿಡದ ವಿಕ್ರಮಾರ್ಕ.

ಪೂರ್ವಗ್ರಹ, ದುರಾಗ್ರಹ, ಪಕ್ಷಪಾತ

ವಿಷಯವನ್ನು ತಿಳಿಯುವ ಮೊದಲೇ ಹಿಡಿದುಕೊಂಡ ಅಭಿಪ್ರಾಯ ಪೂರ್ವಗ್ರಹ. ಪೂರ್ವಾಗ್ರಹ ಎಂಬ ರೂಪವೂ ಬಳಕೆಯಲ್ಲಿದೆ; ಹಿಂದಿಯಲ್ಲಿ ಅದೇ ಪ್ರಧಾನ. ಎರಡರಲ್ಲೂ ಅರ್ಥವ್ಯತ್ಯಾಸವನ್ನು ಕಾಣಿಸಬಹುದು: ಮೊದಲನೆಯದು ಮುಂಚಿನ ಗ್ರಹಿಕೆ, ಎರಡನೆಯದು ಮುಂಚಿನ ಹಠ. ಆದರೆ ಬರೆಯುವವರು ಈ ವ್ಯತ್ಯಾಸವನ್ನು ಪಾಲಿಸುತ್ತಿಲ್ಲ. ಈ ಪದಕ್ಕೆ ‘ಪೀಡಿತ’ ಎಂಬುದು ಅಂಟಿಕೊಂಡು ಬರುವುದು ವಿಶೇಷ. ಗ್ರಹ ಎಂದರೆ ಆಕಾಶದ ಗ್ರಹವೂ ಹೌದು, ಮೈಮೇಲೆ ಬರುವ ಪೀಡೆಯೂ ಹೌದು. ಪೂರ್ವಗ್ರಹಪೀಡಿತ ತೀರ್ಪು, ಪೂರ್ವಗ್ರಹಪೀಡಿತ ತನಿಖೆ ಎನ್ನುವಾಗ ತಪ್ಪು ವ್ಯಕ್ತಿಯದೋ ಅವನನ್ನು ಹಿಡಿದ ಶನಿಯದೋ ಎಂಬಷ್ಟು ಔದಾರ್ಯ ಆ ಪದದಲ್ಲಿದೆ. ಆದ್ದರಿಂದಲೇ ಇರಬೇಕು, ಪತ್ರಗಳಲ್ಲಿ, ವರದಿಗಳಲ್ಲಿ ಇದು ಮರ್ಯಾದೆ ಮೀರದ ಆರೋಪವಾಗಿ ಉಳಿದಿದೆ.

ಆಗ್ರಹ ಎಂದರೆ ಕನ್ನಡದಲ್ಲಿ ಒತ್ತಾಯ, ಕೆಲವೊಮ್ಮೆ ಸಿಟ್ಟು. ‘ರೈತರ ಆಗ್ರಹ’ ಎಂಬ ತಲೆಬರಹದಲ್ಲಿ ಇರುವುದು ಬೇಡಿಕೆ. ದಕ್ಷಿಣ ಆಫ್ರಿಕಾದಲ್ಲಿ 1906ರಲ್ಲಿ ಆರಂಭವಾದ ಹೋರಾಟಕ್ಕೆ ಗಾಂಧೀಜಿ ಕೊಟ್ಟ ಸತ್ಯಾಗ್ರಹ ಎಂಬ ಹೆಸರು ಇದೇ ಆಗ್ರಹವನ್ನು ನೈತಿಕ ಎತ್ತರಕ್ಕೆ ಏರಿಸಿತು. ಅದಕ್ಕೆ ಎದುರಾಗಿ ಅವರು ದುರಾಗ್ರಹ ಎಂಬ ಪದವನ್ನೂ ಬಳಸುತ್ತಿದ್ದರು. ಹಿಡಿತ ಎರಡರಲ್ಲೂ ಒಂದೇ, ಹಿಡಿದ ವಸ್ತು ಬೇರೆ. ಪಕ್ಷಪಾತ ಎಂದರೆ ಒಂದು ಪಕ್ಕಕ್ಕೆ ಬೀಳುವುದು. ಇದು ತೀರ್ಮಾನ ಕೊಡುವ ಸ್ಥಾನದಲ್ಲಿರುವವರಿಗೆ ಹೆಚ್ಚಾಗಿ ಅನ್ವಯಿಸುತ್ತದೆ.

ಕರ್ಮಠ, ಮಡಿವಂತ, ಕಂದಾಚಾರಿ

ಆಚರಣೆಗೆ ಸಂಬಂಧಿಸಿದ ಪದಗಳ ಗುಂಪು ಇದು. ಕನ್ನಡದಲ್ಲಿ ಇದರಷ್ಟು ಸೂಕ್ಷ್ಮವಾಗಿ ಬೆಳೆದ ಗುಂಪು ಇನ್ನೊಂದಿಲ್ಲ.

ಕರ್ಮಠ ಎಂಬ ರೂಪವನ್ನು ಸಂಸ್ಕೃತ ವೈಯಾಕರಣ ಪಾಣಿನಿಯೇ ಸಾಧಿಸಿ ತೋರಿಸುತ್ತಾನೆ. ಕರ್ಮದಲ್ಲಿ ಶ್ರದ್ಧೆಯಿಂದ ತೊಡಗಿದವನು ಎಂಬುದು ಅದರ ಅರ್ಥ. ಹಿಂದಿಯಲ್ಲಿ ಅದು ಇಂದಿಗೂ ದುಡಿಮೆಗಾರನಿಗೆ ಸಲ್ಲುವ ಹೊಗಳಿಕೆ. ಅಲ್ಲಿನ ಪಕ್ಷಗಳು ತಮ್ಮ ಕಾರ್ಯಕರ್ತರನ್ನು ಕರ್ಮಠರೆಂದು ಕೊಂಡಾಡುತ್ತವೆ. ಕನ್ನಡದಲ್ಲಿ, ಮರಾಠಿಯಲ್ಲಿಯೂ, ಅದು ವಿಧಿಯ ಅಕ್ಷರಕ್ಕೆ ಅಂಟಿಕೊಂಡು ಅದರ ಉದ್ದೇಶವನ್ನು ಮರೆತವನನ್ನು ಹೇಳುತ್ತದೆ. ಹಿಂದಿಯಿಂದ ಕನ್ನಡಕ್ಕೆ ಅನುವಾದಿಸುವವರು ಈ ಪದವನ್ನು ಹಾಗೆಯೇ ಉಳಿಸಿದರೆ ಸನ್ಮಾನಪತ್ರ ನಿಂದನಾಪತ್ರವಾಗುತ್ತದೆ.

ಮಡಿ ಎಂದರೆ ಮೂಲತಃ ಒಗೆದ ಬಟ್ಟೆ. ಮಡಿಮಾಡು ಎಂದರೆ ಒಗೆ. ಆ ವೃತ್ತಿಯವರು ಮಡಿವಾಳರು. 12ನೆಯ ಶತಮಾನದ ವಚನಕಾರ ಮಾಚಿದೇವನ ಹೆಸರಿನ ಹಿಂದೆ ಇರುವುದು ಇದೇ ಪದ. ಆಚಾರದ ಮನೆಗಳಲ್ಲಿ ಮಡಿಬಟ್ಟೆಯನ್ನು ಸೂರಿನಿಂದ ಇಳಿಬಿಟ್ಟ ಬಿದಿರುಗಳದ ಮೇಲೆ, ಕೈಗೆ ಎಟುಕದಷ್ಟು ಎತ್ತರದಲ್ಲಿ ಒಣಹಾಕಿ, ಉಡುವ ಹೊತ್ತಿಗೆ ಕೋಲಿನಿಂದ ಇಳಿಸಿಕೊಳ್ಳುತ್ತಿದ್ದರು. ಹತ್ತಿಯ ಬಟ್ಟೆಗೆ ಮೈಲಿಗೆ ತಗಲುತ್ತದೆ, ಪಟ್ಟೆಗೆ ಅಷ್ಟಾಗಿ ಇಲ್ಲ ಎಂಬ ವಿನಾಯಿತಿಯೂ ಇತ್ತು. ಮುಟ್ಟಿದರೆ ಕೆಡುವ ಸ್ಥಿತಿಯನ್ನು ಕಾಪಾಡಿಕೊಳ್ಳುವ ಈ ಎಚ್ಚರವೇ ಮಡಿವಂತಿಕೆ ಎಂಬ ವಿಶಾಲಾರ್ಥಕ್ಕೆ ತಳಹದಿ. ಈಗ ಅದು ಬಟ್ಟೆಯನ್ನು ಬಿಟ್ಟು ಬಹುದೂರ ಬಂದಿದೆ. ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ಬಿಟ್ಟುಕೊಳ್ಳದಿರುವುದು ಭಾಷೆಯ ಮಡಿವಂತಿಕೆ. ಸಿನಿಮಾ ಹಾಡನ್ನು ಕಚೇರಿಗೆ ಸೇರಿಸದಿರುವುದು ಸಂಗೀತದ ಮಡಿವಂತಿಕೆ. ಲೈಂಗಿಕತೆಯ ಮಾತು ಬಂದರೆ ಮುಖ ತಿರುಗಿಸುವುದೂ ಮಡಿವಂತಿಕೆಯೇ. ಜಾತಿ, ಧರ್ಮಗಳಾಚೆಗೂ ಸಲ್ಲುವ ಈ ಪದಕ್ಕೆ ಸಾಟಿಯಾದುದು ನೆರೆಯ ಭಾಷೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಕರ್ಮಠತನ ಮತ್ತು ಮಡಿವಂತಿಕೆಗಳ ಒಳಸುಳಿಗಳನ್ನು ಆಧುನಿಕ ಕನ್ನಡ ಸಾಹಿತ್ಯದಲ್ಲಿ ವಿಸ್ತಾರವಾಗಿ ಚರ್ಚೆಗೆ ತಂದ ಕೃತಿಗಳಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಮುಖ್ಯವಾದುದು. ಅದರ ಕಥೆ ನಡೆಯುವುದು ಒಂದು ಹೆಣದ ಸಂಸ್ಕಾರವನ್ನು ಯಾರು ಮಾಡಬೇಕೆಂಬ ಪ್ರಶ್ನೆಯ ಸುತ್ತ.

ಕಂದಾಚಾರ ಎಂದರೆ ಇಂದು ಅರ್ಥ ತಿಳಿಯದೆ ನಡೆಸಿಕೊಂಡು ಬರುವ ಆಚರಣೆ. ಆದರೆ ಮೈಸೂರು ಸಂಸ್ಥಾನದ ಹಳೆಯ ಆಡಳಿತದಲ್ಲಿ ಕಂದಾಚಾರ ಎಂಬುದು ನಾಡಿನ ಕಾಲಾಳು ಪಡೆಯ ಮತ್ತು ಆ ಇಲಾಖೆಯ ಹೆಸರು. 19ನೆಯ ಶತಮಾನದ ದಾಖಲೆಗಳನ್ನು ಓದುವವರು ‘ಕಂದಾಚಾರದವರು’ ಎಂಬ ಮಾತನ್ನು ಕಂಡು ಮೂಢನಂಬಿಕೆಯ ಜನರೆಂದು ತಿಳಿಯಬಾರದು.

ಮೂಢ, ಅಂಧ

ಮೂಢ ಎಂಬುದು ‘ಮುಹ್’ (ಭ್ರಮೆಗೊಳ್ಳು) ಧಾತುವಿನಿಂದ ಬಂದಿದೆ; ಮೋಹವೂ ಅದರಿಂದಲೇ. ಜೈನಶಾಸ್ತ್ರದಲ್ಲಿ ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆ ಎಂಬ ಮೂರನ್ನು ಸಮ್ಯಗ್ದರ್ಶನಕ್ಕೆ ಅಡ್ಡಿಯೆಂದು ಎಣಿಸುತ್ತಾರೆ. ಪುಣ್ಯಕ್ಕೆಂದು ನದಿಯಲ್ಲಿ ಮೀಯುವುದು, ಕಲ್ಲುಮರಳಿನ ರಾಶಿ ಹಾಕುವುದು ಲೋಕಮೂಢತೆಗೆ ಜೈನಾಚಾರ್ಯ ಸಮಂತಭದ್ರ ಕೊಡುವ ಉದಾಹರಣೆಗಳು. 12ನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ ಈ ಮಾನದಂಡದಿಂದ ಅನ್ಯಮತಗಳನ್ನು ಕಟುವಾಗಿ ತೂಗಿ ನೋಡುತ್ತದೆ. ಸ್ವಮತವನ್ನು ತಕ್ಕಡಿಗೆ ಹಾಕುವುದಿಲ್ಲ. ಮೂಢ ಎಂಬ ಪದದ ಬಳಕೆಯಲ್ಲಿ ಈ ಒಂದು ಗುಣ ಮೊದಲಿನಿಂದಲೂ ಇದೆ: ಅದು ಉತ್ತಮ ಪುರುಷದಲ್ಲಿ ಬರುವುದು ಅಪರೂಪ.

ಮೌಢ್ಯ ಎಂಬುದಕ್ಕೆ ಪಂಚಾಂಗದಲ್ಲಿ ಬೇರೊಂದು ಅರ್ಥವಿದೆ. ಗುರು ಅಥವಾ ಶುಕ್ರ ಸೂರ್ಯನಿಗೆ ತೀರ ಸಮೀಪವಾಗಿ ಕಣ್ಣಿಗೆ ಕಾಣದ ಅವಧಿಯನ್ನು ಗುರುಮೌಢ್ಯ, ಶುಕ್ರಮೌಢ್ಯ ಎನ್ನುತ್ತಾರೆ. ಆ ದಿನಗಳಲ್ಲಿ ಮದುವೆ, ಗೃಹಪ್ರವೇಶ ಇಡುವುದಿಲ್ಲ. ಹೀಗಾಗಿ ಮೌಢ್ಯದಲ್ಲಿ ಮದುವೆ ಮಾಡದಿರುವುದನ್ನೇ ಮೌಢ್ಯವೆಂದು ಟೀಕಿಸುವ ವಾಕ್ಯ ಕನ್ನಡದಲ್ಲಿ ವ್ಯಾಕರಣಬದ್ಧವಾಗಿ ಸಾಧ್ಯ.

ಅಂಧಶ್ರದ್ಧೆ, ಅಂಧಾನುಕರಣೆ, ಕುರುಡುನಂಬಿಕೆಗಳಲ್ಲಿ ಕಣ್ಣಿನ ರೂಪಕವಿದೆ. ಕುರುಡರ ಸಾಲೊಂದು ಒಬ್ಬರ ಹೆಗಲನ್ನು ಒಬ್ಬರು ಹಿಡಿದು ನಡೆಯುವ ಅಂಧಪರಂಪರಾನ್ಯಾಯ, ಮುಂದಿನ ಕುರಿ ಹೋದತ್ತ ಹಿಂಡೆಲ್ಲ ಹೋಗುವ ಗಡ್ಡರಿಕಾಪ್ರವಾಹನ್ಯಾಯ, ಆನೆಯ ಒಂದೊಂದು ಅಂಗ ಮುಟ್ಟಿ ಅದೇ ಆನೆಯೆನ್ನುವ ಅಂಧಗಜನ್ಯಾಯ ಇವು ಶಾಸ್ತ್ರಗ್ರಂಥಗಳಿಂದ ಬಂದ ದೃಷ್ಟಾಂತಗಳು. ಕೊನೆಯದು ಬೌದ್ಧರ ‘ಉದಾನ’ದಲ್ಲಿ ಬರುತ್ತದೆ, ಅನೇಕಾಂತವಾದವನ್ನು ವಿವರಿಸಲು ಜೈನರೂ ಬಳಸುತ್ತಾರೆ.

ಮತಾಂಧತೆ, ಕೋಮುವಾದ, ಮೂಲಭೂತವಾದ

ಇವು ಗುಂಪಿನ ಸಂಕುಚಿತತೆಯನ್ನು ಹೇಳುತ್ತವೆ. ಮತ ಎಂಬುದಕ್ಕೆ ಅಭಿಪ್ರಾಯ, ಧರ್ಮ, ಚುನಾವಣೆಯ ಓಟು ಎಂಬ ಮೂರು ಅರ್ಥಗಳು ಬಳಕೆಯಲ್ಲಿವೆ. ಮತಭೇದದಲ್ಲಿ ಮೊದಲನೆಯದು, ಮತದಾನದಲ್ಲಿ ಮೂರನೆಯದು. ಮತಾಂಧದಲ್ಲಿ ಎರಡನೆಯದು ಮಾತ್ರ. ಕೋಮು ಎಂಬುದು ಸಮುದಾಯವನ್ನು ಹೇಳುವ ಅರಬ್ಬಿಯ ‘ಕೌಮ್’. ಅದಕ್ಕೆ ಸಂಸ್ಕೃತದ ‘ವಾದ’ ಸೇರಿ ಕೋಮುವಾದವಾಗಿದೆ. ಕೋಮುವಾದವನ್ನು ಎದುರಿಸುವವರೂ ಮಾಡುವವರೂ ಬೆರಕೆಪದವನ್ನೇ ಆಡಬೇಕಾಗಿದೆ.

ಮೂಲಭೂತವಾದವು ಇಂಗ್ಲಿಷಿನ ಫಂಡಮೆಂಟಲಿಸಂನ ಪಡಿಯಚ್ಚು. ಅಮೆರಿಕದಲ್ಲಿ 1910ರಿಂದ 1915ರವರೆಗೆ ಪ್ರಕಟವಾದ ‘ದಿ ಫಂಡಮೆಂಟಲ್ಸ್’ ಎಂಬ ಪುಸ್ತಿಕೆಗಳ ಮಾಲೆ ಈ ಹೆಸರಿಗೆ ಮೂಲ. 1920ರಲ್ಲಿ ಬ್ಯಾಪ್ಟಿಸ್ಟ್ ಪತ್ರಿಕಾಸಂಪಾದಕ ಕರ್ಟಿಸ್ ಲೀ ಲಾಸ್ ಅದನ್ನು ತಮ್ಮ ಪಂಥದವರಿಗೆ ಹೆಮ್ಮೆಯ ಬಿರುದಾಗಿ ಕೊಟ್ಟರು. ನಿಂದೆಯ ಅರ್ಥ ಆಮೇಲಿನದು. ಕನ್ನಡಕ್ಕೆ ಬರುವಾಗ ಆ ನಿಂದೆ ಮಾತ್ರ ಬಂದಿತು. ಆದರೆ ಅದರ ಮೊದಲರ್ಧ ಸ್ವಚ್ಛವಾಗಿಯೇ ಉಳಿದಿದೆ: ಮೂಲಭೂತ ಹಕ್ಕು, ಮೂಲಭೂತ ಸೌಕರ್ಯ ಎನ್ನುವಾಗ ಯಾರಿಗೂ ಮೂಲಭೂತವಾದ ನೆನಪಾಗುವುದಿಲ್ಲ. 1979ರಲ್ಲಿ ಸಂಘಟಿತವಾದ ಬಂಡಾಯ ಸಾಹಿತ್ಯ ಚಳವಳಿಯ ಕಾಲದ ಬರಹಗಳಲ್ಲಿ ಪ್ರತಿಗಾಮಿ, ಯಥಾಸ್ಥಿತಿವಾದಿ, ಸಂಪ್ರದಾಯಶರಣ ಎಂಬ ಪದಗಳೂ ಹೆಚ್ಚಾಗಿ ಕಾಣುತ್ತವೆ.

ಕೂಪಮಂಡೂಕ

ಬಾವಿಯ ಕಪ್ಪೆ ಈ ವರ್ಗದ ಅತ್ಯಂತ ಹಳೆಯ ಚಿತ್ರಗಳಲ್ಲಿ ಒಂದು. ಪಾಣಿನೀಯ ಗಣಪಾಠದಲ್ಲಿ ತಿರಸ್ಕಾರಸೂಚಕ ಸಮಾಸಗಳ ಪಟ್ಟಿಯಲ್ಲಿ ಕೂಪಮಂಡೂಕವಿದೆ. ಜೊತೆಗೆ ಉದುಂಬರಮಶಕ, ಅಂದರೆ ಅತ್ತಿಹಣ್ಣಿನೊಳಗಿನ ನುಸಿ. ಈ ಎರಡನೆಯದಕ್ಕೆ ಅನ್ಯಾಯವಾಗಿದೆ ಎನ್ನಬೇಕು. ಅತ್ತಿಯ ಹೆಣ್ಣು ಕಣಜ ಹಣ್ಣಿನೊಳಗೆ ಹುಟ್ಟಿದರೂ ಪರಾಗ ಹೊತ್ತು ಹೊರಗೆ ಹಾರಿ ಇನ್ನೊಂದು ಮರವನ್ನು ಹುಡುಕುತ್ತದೆ. ಬಾವಿಯ ಕಪ್ಪೆ ಮತ್ತು ಸಮುದ್ರದ ಕಥೆ ಚೀನಾದ ‘ಜ್ವಾಂಗ್‌ಜಿ’ ಗ್ರಂಥದಲ್ಲಿಯೂ ಇದೆ. 1893ರ ಸೆಪ್ಟೆಂಬರ್ 15ರಂದು ಶಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮತಗಳ ನಡುವಿನ ಭಿನ್ನಾಭಿಪ್ರಾಯಕ್ಕೆ ಕಾರಣ ಹೇಳಲು ಈ ಕಥೆಯನ್ನೇ ಆರಿಸಿಕೊಂಡರು. ಗೋಪಾಲಕೃಷ್ಣ ಅಡಿಗರ ಒಂದು ಪ್ರಸಿದ್ಧ ಕವಿತೆಗೂ ಇದೇ ಹೆಸರು. ಹಠಮಾರಿಗೂ ಕೂಪಮಂಡೂಕಕ್ಕೂ ಭೇದವಿದೆ. ಹಠಮಾರಿಗೆ ಬೇರೆ ಅಭಿಪ್ರಾಯ ಗೊತ್ತು, ಒಪ್ಪುವುದಿಲ್ಲ. ಕೂಪಮಂಡೂಕಕ್ಕೆ ಬೇರೊಂದು ಇದೆಯೆಂಬುದೇ ಗೊತ್ತಿಲ್ಲ.

ಗಾದೆಗಳಲ್ಲಿ

ಆಡುಮಾತಿನಲ್ಲಿ ಈ ಗುಣವನ್ನು ಹೇಳಲು ಭಾವನಾಮಕ್ಕಿಂತ ಗಾದೆಯೇ ಮುಂದು. ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬುದು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು. ತಮಿಳು, ತೆಲುಗುಗಳಲ್ಲಿಯೂ ಇದೆ. ಇಲ್ಲಿಯೂ ಇರುವುದು ಹಿಡಿತವೇ. ಮೊಲ ಕಣ್ಣೆದುರಿಗಿದೆ, ಕಾಲು ಎಣಿಸಬಹುದು. ಆದರೂ ಹಿಡಿದವನ ಲೆಕ್ಕವೇ ಲೆಕ್ಕ. ಆಡುಮಾತಿನಲ್ಲಿ ಗಾದೆ ಪೂರ್ತಿ ಬೇಕಾಗಿಲ್ಲ. ‘ಅವನದು ಮೂರೇ ಕಾಲು ಬಿಡು’ ಎಂದರೆ ಸಾಕು.

‘ಅಪ್ಪ ನೆಟ್ಟ ಆಲದಮರವೆಂದು ನೇಣು ಹಾಕಿಕೊಂಡ’ ಎಂಬುದು ಪರಂಪರೆಯ ಮೇಲಿನ ಕುರುಡು ಅಭಿಮಾನಕ್ಕೆ ಸಲ್ಲುತ್ತದೆ. ಅಪ್ಪ ತೋಡಿಸಿದ ಬಾವಿಯೆಂದು ಉಪ್ಪುನೀರನ್ನೇ ಕುಡಿಯುವವರನ್ನು ಹೇಳುವ ಸಂಸ್ಕೃತ ಸುಭಾಷಿತವೊಂದಿದೆ. ಕನ್ನಡದ ಗಾದೆ ಅದಕ್ಕಿಂತ ನಿಷ್ಠುರ. ‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಪೂರ್ವಗ್ರಹಕ್ಕೆ, ‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’ ಮತ್ತು ‘ಗೋರ್ಕಲ್ಲ ಮೇಲೆ ಮಳೆ ಸುರಿದಂತೆ’ ಹೇಳಿದ್ದು ಒಳಗೆ ಇಳಿಯದ ಮನಸ್ಸಿಗೆ. ಕಾಲಕ್ಕೆ ಹೊಂದದ ವಿಚಾರ ಹೇಳುವವನು ‘ಓಬೀರಾಯನ ಕಾಲದವನು’.

ವಿರುದ್ಧಪದಗಳು

ವಿಶಾಲ ಮನೋಭಾವ, ಉದಾರತೆ, ಸೈರಣೆ, ವೈಚಾರಿಕತೆ, ವೈಜ್ಞಾನಿಕ ಮನೋಭಾವ ಎಂಬ ಪದಗಳು ಬೇರೆ ಬೇರೆ ಸಂದರ್ಭದಲ್ಲಿ ಎದುರು ನಿಲ್ಲುತ್ತವೆ. ಇವುಗಳಲ್ಲಿ ಸೈರಣೆಯ ಕಲ್ಪನೆ ಕನ್ನಡದ ಮೊದಲ ಉಪಲಬ್ಧ ಗ್ರಂಥದಷ್ಟು ಹಳೆಯದು. 9ನೆಯ ಶತಮಾನದ ‘ಕವಿರಾಜಮಾರ್ಗ’ ಅನ್ಯರ ವಿಚಾರವನ್ನೂ ಅನ್ಯರ ಧರ್ಮವನ್ನೂ ಸೈರಿಸಿಕೊಳ್ಳುವುದನ್ನೇ ನಿಜವಾದ ಸಂಪತ್ತೆಂದು ಪರಿಗಣಿಸುತ್ತದೆ. ಅಲ್ಲಿ ವಿಚಾರ ಮತ್ತು ಧರ್ಮ ಬೇರೆ ಬೇರೆಯಾಗಿ ಹೆಸರಿಸಲ್ಪಟ್ಟಿರುವುದು ಗಮನಾರ್ಹ.

ಕುವೆಂಪು ಬಳಕೆಗೆ ತಂದ ನಿರಂಕುಶಮತಿ ಎಂಬ ಪದದಲ್ಲಿ ಅರ್ಥಪಲ್ಲಟವೊಂದಿದೆ. ಅಂಕುಶ ಆನೆಯನ್ನು ಅಡಗಿಸುವ ಆಯುಧ. ನಿರಂಕುಶ ಪ್ರಭುತ್ವ ಎಂದರೆ ಅಂಕೆಯಿಲ್ಲದ ದೊರೆಯ ಆಳ್ವಿಕೆ, ಕೆಟ್ಟದ್ದು. ನಿರಂಕುಶಮತಿ ಎಂದರೆ ಯಾರ ಅಂಕುಶಕ್ಕೂ ಬಗ್ಗದ ಬುದ್ಧಿ, ಒಳ್ಳೆಯದು. ವೈಜ್ಞಾನಿಕ ಮನೋಭಾವ ಎಂಬುದು 1976ರ 42ನೆಯ ತಿದ್ದುಪಡಿಯಿಂದ ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಮೂಲಭೂತ ಕರ್ತವ್ಯಗಳ ಪಟ್ಟಿಗೆ ಸೇರಿದ ಬಳಿಕ ಪಠ್ಯಪುಸ್ತಕಗಳ ಪದವಾಯಿತು. ಅದೇ ವರ್ಷ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದ್ದರು.

ಇಂದಿನ ಬಳಕೆ

ಮನಶ್ಶಾಸ್ತ್ರದ ಪರಿಭಾಷೆ ಇನ್ನೂ ಸ್ಥಿರವಾಗಿಲ್ಲ. ಮನಶ್ಶಾಸ್ತ್ರಜ್ಞ ಮಿಲ್ಟನ್ ರೋಕೀಚ್ 1960ರಲ್ಲಿ ಪ್ರಕಟಿಸಿದ ಗ್ರಂಥ, ವ್ಯಕ್ತಿ ಏನನ್ನು ನಂಬುತ್ತಾನೆ ಎಂಬುದಕ್ಕಿಂತ ಹೇಗೆ ನಂಬುತ್ತಾನೆ ಎಂಬುದನ್ನು ಅಳೆಯಲು ಯತ್ನಿಸಿತು. ಅವನ ‘ಡಾಗ್ಮ್ಯಾಟಿಸಂ’ಗೆ ಕನ್ನಡದಲ್ಲಿ ಒಂದೇ ಪದ ನೆಲೆಗೊಂಡಿಲ್ಲ. ಮತಾಂಧತೆ ಎಂದರೆ ಧರ್ಮಕ್ಕೆ ಸೀಮಿತವಾಗುತ್ತದೆ, ಮೊಂಡುತನ ಎಂದರೆ ಶಾಸ್ತ್ರದ ಗಾಂಭೀರ್ಯ ಸಾಲದು. ಯಾವ ಸಿದ್ಧಾಂತಕ್ಕೂ ಅನ್ವಯಿಸುವ ದುರಾಗ್ರಹ ಎಂಬುದೇ ಇದಕ್ಕೆ ಹೆಚ್ಚು ಹೊಂದುತ್ತದೆ.

ಕರ್ನಾಟಕ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯನ್ನು ಜನ ಮೌಢ್ಯ ನಿಷೇಧ ಕಾಯ್ದೆ ಎಂದೇ ಕರೆಯುತ್ತಾರೆ. ಕಾಯ್ದೆಯ ಹೆಸರಿನಲ್ಲಿ ಮೌಢ್ಯವೂ ಇಲ್ಲ, ನಂಬಿಕೆಯೂ ಇಲ್ಲ. ಇರುವುದು ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ. ಕಾನೂನು ನಿಷೇಧಿಸಬಲ್ಲದ್ದು ಕೃತ್ಯವನ್ನೇ ಹೊರತು ಮನಸ್ಸಿನ ಸ್ಥಿತಿಯನ್ನಲ್ಲ, ಆದ್ದರಿಂದ ಈ ಪದಾಯ್ಕೆ ಸರಿಯಾದುದು.

ಸಾಮಾಜಿಕ ಜಾಲತಾಣಗಳಲ್ಲಿ ಅಂಧಭಕ್ತ, ಗುಲಾಮ ಎಂಬ ಪದಗಳು ಎದುರಾಳಿ ರಾಜಕೀಯ ಪಾಳೆಯಗಳ ಪರಸ್ಪರ ಬೈಗುಳಗಳಾಗಿವೆ. ಬುದ್ಧಿಜೀವಿ ಎಂಬ ಪದವೂ ಕೆಲವು ಕಡೆ ಮೂದಲಿಕೆಯಾಗಿ ಇಳಿದಿದೆ. ಹಿಂದಿಯ ಪ್ರಭಾವದಿಂದ ‘ಕಟ್ಟರ್’ ಎಂಬ ವಿಶೇಷಣ ಪತ್ರಿಕೆಗಳಿಗೆ ಬಂದಿದೆ, ಕನ್ನಡದ್ದೇ ಆದ ‘ಕಟ್ಟಾ’ ಇದ್ದಾಗಲೂ. ಅಂಗವೈಕಲ್ಯವನ್ನು ನಿಂದೆಗೆ ಬಳಸಬಾರದೆಂಬ ಎಚ್ಚರ ಬೆಳೆದಂತೆ ಕುರುಡುನಂಬಿಕೆಯ ಬದಲು ಮೂಢನಂಬಿಕೆ ಬರೆಯುವವರಿದ್ದಾರೆ. ಆದರೆ ಅಂಧಾನುಕರಣೆ, ಮತಾಂಧತೆಗಳು ಸಂಸ್ಕೃತದ ಮರೆಯಲ್ಲಿ ಆಕ್ಷೇಪಕ್ಕೆ ಸಿಗದೆ ಉಳಿದಿವೆ. ನಗರದ ಮಾತಿನಲ್ಲಿ ನ್ಯಾರೋ ಮೈಂಡೆಡ್, ಆರ್ಥೊಡಾಕ್ಸ್ ಎಂಬ ಎರವಲುಗಳು ಸಂಕುಚಿತ, ಸಂಪ್ರದಾಯಸ್ಥ ಎಂಬ ಪದಗಳನ್ನು ಬಹುಮಟ್ಟಿಗೆ ಹಿಂದೆ ಸರಿಸಿವೆ. ಎರಡರಲ್ಲಿ ಮೊದಲನೆಯದು ಯಾವಾಗಲೂ ಬೈಗುಳ, ಎರಡನೆಯದು ಹಾಗಲ್ಲ. ವರದಿ, ಅಗ್ರಲೇಖನಗಳಲ್ಲಿ ಸಂಪ್ರದಾಯವಾದಿ ಎಂದರೆ ಟೀಕೆ; ಅದೇ ಪತ್ರಿಕೆಯ ವಧೂವರರ ಜಾಹೀರಾತಿನ ಪುಟದಲ್ಲಿ ‘ಸಂಪ್ರದಾಯಸ್ಥ ಕುಟುಂಬ’ ಎಂಬುದು ವರನ ಸಂಬಳದ ಪಕ್ಕದಲ್ಲೇ ಅಚ್ಚಾಗುವ ಅರ್ಹತೆ.